ಹೆದರಿ ಒಪ್ಪಿಕೊಂಡ ತಪ್ಪು ಪಶ್ಚಾತ್ತಾಪವೇ?



ಕಳೆದ ತಿಂಗಳು ಭಾನುವಾರದ ಎರಡನೇ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಮಗ ಪಿಯುಸಿ ಓದುತ್ತಿದ್ದಾನೆ. "ಫಾದರ್, ಇವನು ರಾತ್ರಿಯೆಲ್ಲಾ ಮೊಬೈಲಿನಲ್ಲಿ ದೆವ್ವದ ಸೀರಿಯಲ್ ನೋಡುತ್ತಾನೆ. ಬೇಡ ಎಂದರೆ, ಅದು ದೊಡ್ಡ ಸಾಹಿತಿ ಬರೆದ ಕಥೆ ಎಂದು ನನಗೇ ಪಾಠ ಹೇಳುತ್ತಾನೆ. ಇದು ಪಾಪವೋ ಅಲ್ಲವೋ ನೀವೇ ಹೇಳಿ" ಎಂದರು. ಹುಡುಗ ನೆಲ ನೋಡುತ್ತಾ ನಿಂತಿದ್ದ. ಯಾವ ಸೀರಿಯಲ್ ಎಂದು ಕೇಳಿದೆ. 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' ಎಂದ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಎಂಟು ಕಂತುಗಳ ಸೀರಿಯಲ್ ಅದು. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಬರೆದ ಹಲವು ಕಥೆಗಳನ್ನು ಕಲಸಿ, ಈ ಕಾಲದ ಒಂದು ಔಷಧ ಕಂಪನಿಯ ಮನೆತನಕ್ಕೆ ಹೊಂದಿಸಿ ಮೈಕ್ ಫ್ಲಾನಗನ್ ಎಂಬವರು ತೆಗೆದದ್ದು. ಅದರಲ್ಲಿ ಎಳೆಯರು ನೋಡಬಾರದ ದೃಶ್ಯಗಳು ಸಾಕಷ್ಟಿವೆ; ಆ ವಿಷಯದಲ್ಲಿ ತಾಯಿಯ ಆತಂಕ ನ್ಯಾಯವಾದದ್ದೇ. ಆದರೆ ಪೋ ಎಂಬ ಹೆಸರು ಕೇಳಿದ ಕೂಡಲೇ ನನಗೆ ಬೇರೊಂದು ನೆನಪಾಯಿತು. ಆ ತಾಯಿಗೆ ಅಂದು ಕೊಟ್ಟ ಉತ್ತರ ಅರ್ಧವೇ ಆಗಿತ್ತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೋ ಹುಟ್ಟಿದ್ದು 1809ರಲ್ಲಿ ಬಾಸ್ಟನ್‌ನಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಮುಂದೆ ಹೆಂಡತಿಯೂ ಕ್ಷಯರೋಗಕ್ಕೆ ತುತ್ತಾದಳು. 1849ರಲ್ಲಿ, ನಲವತ್ತನೇ ವಯಸ್ಸಿಗೆ, ಆತ ಬಾಲ್ಟಿಮೋರ್‌ನಲ್ಲಿ ತೀರಿಕೊಂಡ. ಅವನ ಕಥೆಗಳಲ್ಲಿ ಅತಿ ಚಿಕ್ಕವುಗಳಲ್ಲಿ ಒಂದು 'ದಿ ಟೆಲ್-ಟೇಲ್ ಹಾರ್ಟ್'. ಗುಟ್ಟು ಬಿಟ್ಟುಕೊಡುವ ಹೃದಯ ಎಂದು ನಾವು ಹೇಳಿಕೊಳ್ಳಬಹುದು. 1843ರ ಜನವರಿಯಲ್ಲಿ ಬಾಸ್ಟನ್‌ನ 'ದಿ ಪಯೊನಿಯರ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ಮೂರೇ ಸಂಚಿಕೆಗೆ ನಿಂತುಹೋಯಿತು; ಕಥೆ ಮಾತ್ರ ಇಂದಿಗೂ ನಿಂತಿಲ್ಲ.

ಈ ಕಥೆಯಲ್ಲಿ ದೆವ್ವವೇ ಇಲ್ಲ ಎಂದು ಮೊದಲು ತಿಳಿಯಬೇಕು. ಒಬ್ಬ ಮುದುಕ, ಅವನ ಜೊತೆ ಅದೇ ಮನೆಯಲ್ಲಿರುವ ಇನ್ನೊಬ್ಬ. ಕಥೆ ಹೇಳುವವನು ಈ ಎರಡನೆಯವನು. ತನಗೆ ಹುಚ್ಚಿಲ್ಲ ಎಂದು ಮೊದಲಿನಿಂದ ಕೊನೆಯವರೆಗೂ ಸಾಧಿಸುತ್ತಾನೆ. ಮುದುಕನ ಮೇಲೆ ತನಗೆ ಪ್ರೀತಿಯೇ ಇತ್ತು, ಅವನ ಹಣದ ಮೇಲೆ ಆಸೆ ಇರಲಿಲ್ಲ, ಅವನು ತನಗೆ ಕೇಡು ಮಾಡಿದವನಲ್ಲ ಎಂದೂ ಹೇಳುತ್ತಾನೆ. ತಪ್ಪೆಲ್ಲಾ ಮುದುಕನ ಒಂದು ಕಣ್ಣಿನದು. ಪೊರೆ ಬಂದು ಮಸುಕಾದ ನೀಲಿ ಕಣ್ಣು, ರಣಹದ್ದಿನ ಕಣ್ಣಿನಂಥದ್ದು. ಅದು ತನ್ನ ಮೇಲೆ ಬಿದ್ದರೆ ಮೈ ತಣ್ಣಗಾಗುತ್ತದೆ. ಆ ಕಣ್ಣನ್ನು ಶಾಶ್ವತವಾಗಿ ಮುಚ್ಚಬೇಕೆಂದು ಏಳು ರಾತ್ರಿ, ನಡುರಾತ್ರಿಯಲ್ಲಿ, ಮುದುಕನ ಕೋಣೆಯ ಬಾಗಿಲನ್ನು ಮೆಲ್ಲಗೆ ಸರಿಸಿ ಲಾಟೀನಿನ ಬೆಳಕನ್ನು ಒಂದೆಳೆಯಷ್ಟು ಒಳಗೆ ಬಿಡುತ್ತಾನೆ. ಏಳು ರಾತ್ರಿಯೂ ಕಣ್ಣು ಮುಚ್ಚಿರುತ್ತದೆ, ಆದ್ದರಿಂದ ಕೊಲ್ಲಲಾರ. ಎಂಟನೆಯ ರಾತ್ರಿ ಕೈ ಜಾರಿ ಸದ್ದಾಗುತ್ತದೆ. ಮುದುಕ ಎದ್ದು ಕೂರುತ್ತಾನೆ. ಕತ್ತಲಲ್ಲಿ ಇಬ್ಬರೂ ಒಂದು ಗಂಟೆ ಅಲುಗಾಡದೆ ಇರುತ್ತಾರೆ. ಆಗ ಕೊಲೆಗಾರನಿಗೆ ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದು ಕೇಳಿಸುತ್ತದೆ: ಹೆದರಿದ ಮುದುಕನ ಎದೆಬಡಿತ.

ಕೊಲೆ ನಡೆಯುತ್ತದೆ. ಶವವನ್ನು ನೆಲದ ಹಲಗೆಗಳ ಕೆಳಗೆ ಹುದುಗಿಸುತ್ತಾನೆ. ನೆರೆಯವರು ಕೂಗು ಕೇಳಿ ದೂರು ಕೊಟ್ಟದ್ದರಿಂದ ಬೆಳಗಿನ ಜಾವ ನಾಲ್ಕಕ್ಕೆ ಮೂವರು ಪೊಲೀಸರು ಬರುತ್ತಾರೆ. ಇವನು ನಗುನಗುತ್ತಾ ಮನೆಯೆಲ್ಲಾ ತೋರಿಸಿ, ಶವವಿರುವ ಜಾಗದ ಮೇಲೆಯೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಪೊಲೀಸರಿಗೆ ಅನುಮಾನವೇ ಇಲ್ಲ. ಆದರೆ ಅದೇ ಸದ್ದು ಮತ್ತೆ ಶುರುವಾಗುತ್ತದೆ, ಏರುತ್ತಾ ಹೋಗುತ್ತದೆ. ಇವರಿಗೂ ಅದು ಕೇಳಿಸುತ್ತಿದೆ, ಬೇಕೆಂದೇ ನನ್ನನ್ನು ಅಣಕಿಸುತ್ತಿದ್ದಾರೆ ಎಂದು ಅವನಿಗೆ ಅನಿಸುತ್ತದೆ. ಕೊನೆಗೆ ತಡೆಯಲಾರದೆ, ಅವರನ್ನೇ ನೀಚರೆಂದು ಬೈದು, ಹಲಗೆ ಕಿತ್ತು ನೋಡಿ ಎಂದು ಕಿರುಚುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ.

ಸದ್ದು ಯಾರದು? ಸತ್ತವನ ಹೃದಯವಂತೂ ಬಡಿಯಲಾರದು. ಕೊಲೆಗಾರನದೇ ಎದೆಯ ಸದ್ದೆಂದು ಹಲವರು ಹೇಳುತ್ತಾರೆ. ಹಳೆಯ ಮರದೊಳಗೆ ಟಕಟಕ ಎಂದು ತಲೆ ಬಡಿಯುವ ಒಂದು ಬಗೆಯ ಕೊರೆಯುವ ಹುಳುವಿನ ಪ್ರಸ್ತಾಪವೂ ಕಥೆಯಲ್ಲಿದೆ. ಅದರ ಸದ್ದು ಸಾವಿನ ಮುನ್ಸೂಚನೆ ಎಂದು ಆ ನಾಡಿನ ಜನ ನಂಬಿದ್ದರು. ಅದೇ ಇರಬಹುದೆಂದು ಬೇರೆ ಕೆಲವರ ತರ್ಕ. ನಮ್ಮ ಬೋಧಕರೊಬ್ಬರು ಗುರುಮಠದಲ್ಲಿ ಇದನ್ನು ಓದಿಸಿ, "ಇದೇ ಅಂತಃಸಾಕ್ಷಿ, ದೇವರ ದನಿ" ಎಂದು ವಿವರಿಸಿದ್ದರು. ಬಹುಪಾಲು ಭಕ್ತರೂ ಹಾಗೆಯೇ ಹೇಳುತ್ತಾರೆ: ಪಾಪ ಬಚ್ಚಿಟ್ಟರೆ ಅಂತಃಸಾಕ್ಷಿ ಬಿಡುವುದಿಲ್ಲ, ಒಂದಲ್ಲ ಒಂದು ದಿನ ಬಾಯಿ ಬಿಡಿಸುತ್ತದೆ. ಒಳ್ಳೆಯ ಪ್ರಬೋಧನೆ. ನಾನೂ ಇದನ್ನು ಕೆಲವು ವರ್ಷ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಏಕೆಂದರೆ ಅದು ನಿಜವಲ್ಲ.

ಪೋನ ಕಥೆಗೆ ಪ್ರೇರಣೆಯಾಯಿತೆಂದು ವಿಮರ್ಶಕರು ಊಹಿಸುವ ನಿಜ ಕೊಲೆಯೊಂದಿದೆ. 1830ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಪಟ್ಟಣದಲ್ಲಿ ಜೋಸೆಫ್ ವೈಟ್ ಎಂಬ 82 ವರ್ಷದ ಹಡಗಿನ ವ್ಯಾಪಾರಿಯನ್ನು ಹಾಸಿಗೆಯಲ್ಲಿ ಮಲಗಿದ್ದಾಗಲೇ ಕೊಂದರು. ಸರ್ಕಾರದ ಪರ ವಾದಿಸಿದ ಡೇನಿಯಲ್ ವೆಬ್‌ಸ್ಟರ್ ಆ ಕಾಲದ ಮಹಾ ವಾಗ್ಮಿ. ಕೊಲೆಯ ಗುಟ್ಟನ್ನು ಯಾವ ಹೃದಯವೂ ಅಡಗಿಸಿಡಲಾರದು, ಅದು ಒಳಗೇ ಬೆಳೆದು ಒಡೆಯನನ್ನು ಆಳುತ್ತದೆ, ಕೊನೆಗೆ ಒಪ್ಪಿಕೊಳ್ಳಲೇಬೇಕಾಗುತ್ತದೆ ಎಂಬ ಅರ್ಥದಲ್ಲಿ ಅವರು ಮಾಡಿದ ಭಾಷಣ ಪುಸ್ತಕಗಳಲ್ಲಿ ಸೇರಿಹೋಯಿತು. ಆದರೆ ಅದೇ ಮೊಕದ್ದಮೆಯಲ್ಲಿ ನಡೆದದ್ದೇನು? ಯಾರೂ ಅಂತಃಸಾಕ್ಷಿಯ ಒತ್ತಡಕ್ಕೆ ಬಾಯಿ ಬಿಡಲಿಲ್ಲ. ಹಣ ಕೇಳಿ ಬೆದರಿಸಿದ ಒಂದು ಕಾಗದ ತಪ್ಪಿ ಬೇರೆಯವರ ಕೈ ಸೇರಿದ್ದರಿಂದ ಗುಟ್ಟು ಹೊರಬಿತ್ತು. ಸಂಚು ಹೂಡಿದವರಲ್ಲಿ ಒಬ್ಬ, ಶಿಕ್ಷೆಯಿಂದ ವಿನಾಯಿತಿ ಸಿಗುತ್ತದೆಂಬ ಮಾತಿನ ಮೇಲೆ ಒಬ್ಬ ಪಾದ್ರಿಯ ಮುಂದೆ ಒಪ್ಪಿಕೊಂಡ. ಆಮೇಲೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ನಿರಾಕರಿಸಿದ. ಕೈಯಾರೆ ಕೊಂದವನು ಸೆರೆಮನೆಯಲ್ಲಿ ನೇಣು ಹಾಕಿಕೊಂಡ. ಭಾಷಣದ ಅಂತಃಸಾಕ್ಷಿಗೂ ಸೇಲಂ ಪಟ್ಟಣದ ಅಂತಃಸಾಕ್ಷಿಗೂ ಬಹಳ ದೂರ.

ಪೋ ಸ್ವತಃ ಭಾಷಣಕಾರನಿಗಿಂತ ಪ್ರಾಮಾಣಿಕ. ಅವನ ಕೊಲೆಗಾರ ಬಾಯಿ ಬಿಡುತ್ತಾನೆ ನಿಜ, ಆದರೆ ಆ ಒಪ್ಪಿಗೆಯಲ್ಲಿ 'ಅಯ್ಯೋ' ಎಂಬ ಒಂದು ಉಸಿರೂ ಇಲ್ಲ. ಮುದುಕನಿಗಾಗಿ ಒಂದು ಹನಿ ಕಣ್ಣೀರಿಲ್ಲ. ಅವನಿಗೆ ಬೇಕಾದದ್ದು ಸದ್ದು ನಿಲ್ಲುವುದು, ಅಷ್ಟೇ. ತಪ್ಪೊಪ್ಪಿಗೆಯ ವಾಕ್ಯದಲ್ಲೂ ಎದುರಿಗಿದ್ದವರನ್ನೇ ದೂರುತ್ತಾನೆ.

ಹಾಗಾದರೆ ಹೆದರಿಕೆಯಿಂದ ಹೊರಬಂದ ಒಪ್ಪಿಗೆಗೆ ಬೆಲೆಯೇ ಇಲ್ಲವೇ? ಇದು ಧರ್ಮಸಭೆ ಗಂಭೀರವಾಗಿ ಚರ್ಚಿಸಿದ ಪ್ರಶ್ನೆ. 1551ರ ನವೆಂಬರ್‌ನಲ್ಲಿ ಟ್ರೆಂಟ್ ಮಹಾಸಭೆ ತನ್ನ ಹದಿನಾಲ್ಕನೇ ಅಧಿವೇಶನದಲ್ಲಿ ಪಶ್ಚಾತ್ತಾಪದಲ್ಲಿ ಎರಡು ಬಗೆಯುಂಟೆಂದು ಹೇಳಿತು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ್ದು ಪರಿಪೂರ್ಣ. ಪಾಪದ ಹೇಸಿಗೆ ನೋಡಿ, ಇಲ್ಲವೇ ನರಕಕ್ಕೆ ಹೆದರಿ ಹುಟ್ಟಿದ್ದು ಅಪೂರ್ಣ. ಇಂಥ ಭಯ ಮನುಷ್ಯನನ್ನು ಕಪಟಿಯನ್ನಾಗಿಸುತ್ತದೆ ಎಂದು ಆ ಕಾಲದಲ್ಲಿ ವಾದಿಸುವವರಿದ್ದರು. ಮಹಾಸಭೆ ಅದನ್ನು ಒಪ್ಪಲಿಲ್ಲ. ಅಪೂರ್ಣವಾದರೂ ಅದು ದೇವರ ವರ, ಪವಿತ್ರಾತ್ಮರ ಪ್ರೇರಣೆ, ಪಾಪನಿವೇದನೆಯ ಸಂಸ್ಕಾರದಲ್ಲಿ ಕ್ಷಮೆ ಪಡೆಯಲು ಅದು ಮನುಷ್ಯನನ್ನು ಸಿದ್ಧಗೊಳಿಸುತ್ತದೆ ಎಂದಿತು. ಎರಡು ಷರತ್ತುಗಳಿವೆ: ಪಾಪ ಮಾಡುವ ಇಚ್ಛೆಯನ್ನು ಬಿಟ್ಟಿರಬೇಕು, ಕ್ಷಮೆಯ ಭರವಸೆ ಇರಬೇಕು. ನನಗೆ ಈ ಬೋಧನೆಯಲ್ಲಿ ತುಂಬಾ ಕರುಣೆ ಕಾಣುತ್ತದೆ. ಪಾಪನಿವೇದನೆಯ ಪೀಠದಲ್ಲಿ ಕುಳಿತವರಿಗೆ ಗೊತ್ತು, ಬರುವವರಲ್ಲಿ ಹೆಚ್ಚಿನವರು ನಡುಗುತ್ತಲೇ ಬರುತ್ತಾರೆ. ಕೂರುವ ನಾವೂ ನಡುಗುತ್ತಲೇ ಹೋಗುವವರು.

ಆದ್ದರಿಂದ ಭಯ ಬಾಗಿಲು ತೆರೆಯಬಹುದು. ಪ್ರಶ್ನೆ ಇರುವುದು ಬಾಗಿಲು ತೆರೆದ ಮೇಲೆ ಮುಖ ಯಾವ ಕಡೆಗೆ ತಿರುಗುತ್ತದೆ ಎಂಬುದರಲ್ಲಿ. ಪೇತ್ರನಿಗೂ ಒಂದು ಸದ್ದು ಕೇಳಿಸಿತು, ಕೋಳಿಯ ಕೂಗು. ಆದರೆ ಸಂತ ಲೂಕರು ಒಂದು ಮಾತನ್ನು ಸೇರಿಸುತ್ತಾರೆ: ಆ ಕ್ಷಣ ಪ್ರಭು ತಿರುಗಿ ಪೇತ್ರನನ್ನು ನೋಡಿದರು. ಪೇತ್ರ ಆ ನೋಟವನ್ನು ಹೊತ್ತುಕೊಂಡೇ ಹೊರಗೆ ಹೋಗಿ ಅತ್ತ. ಪೋನ ಕೊಲೆಗಾರನಿಗೆ ತಾಳಲಾಗದ್ದೇ ಒಂದು ಕಣ್ಣಿನ ನೋಟ. ಯೂದನೂ ಒಪ್ಪಿಕೊಂಡ, ನಿರಪರಾಧಿಯನ್ನು ಹಿಡಿದುಕೊಟ್ಟೆ ಎಂದು ಸ್ಪಷ್ಟವಾಗಿಯೇ ಹೇಳಿದ. ಆದರೆ ಮಹಾಯಾಜಕರ ಮುಂದೆ ಹೇಳಿದ. ಅವರು, ಅದು ನಿನ್ನ ಪಾಡು ಎಂದರು. ಅವನು ಆ ಮಾತನ್ನೇ ಕೊನೆಯ ಮಾತೆಂದು ನಂಬಿಬಿಟ್ಟ. ಯಾರ ಬಳಿಗೆ ಹೋಗಬೇಕಿತ್ತೋ ಅವರ ಬಳಿಗೆ ಹೋಗಲಿಲ್ಲ.

ಈ ಕಥೆಯನ್ನು ಮತ್ತೆ ಹೇಳಿದವರು ಏನೇನು ಬದಲಾಯಿಸಿದರು ಎಂದು ನೋಡಿದರೆ, ನಮ್ಮ ಮನಸ್ಸು ಎಲ್ಲೆಲ್ಲಿ ನುಣುಚಿಕೊಳ್ಳಲು ನೋಡುತ್ತದೆ ಎಂಬುದು ತಿಳಿಯುತ್ತದೆ. 1914ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ತೆಗೆದ 'ದಿ ಅವೆಂಜಿಂಗ್ ಕಾನ್ಷನ್ಸ್' ಎಂಬ ಮೂಕಿ ಚಿತ್ರದ ಉಪಶೀರ್ಷಿಕೆಯೇ 'ಕೊಲೆ ಮಾಡಬೇಡ' ಎಂಬ ದೇವರ ಕಟ್ಟಳೆ. ಸದ್ದೇ ಇಲ್ಲದ ಸಿನಿಮಾದಲ್ಲಿ ಎದೆಬಡಿತ ಕೇಳಿಸುವುದು ಹೇಗೆ? ಗಡಿಯಾರದ ಲೋಲಕ ಆಡುವುದನ್ನೂ ಪತ್ತೇದಾರ ಪೆನ್ಸಿಲ್ ಕುಟ್ಟುವುದನ್ನೂ ಮತ್ತೆ ಮತ್ತೆ ತೋರಿಸಿ ಗ್ರಿಫಿತ್ ಅದನ್ನು ಸಾಧಿಸಿದರು. ನೋಡುವವರಿಗೆ ನಿಜವಾಗಿ ಸದ್ದು ಕೇಳಿದಂತಾಗುತ್ತದೆ. ಆದರೆ ಕೊನೆಯಲ್ಲಿ ಯುವಕ ಎಚ್ಚರಗೊಳ್ಳುತ್ತಾನೆ! ಎಲ್ಲಾ ಕನಸು. ಚಿಕ್ಕಪ್ಪ ಬದುಕಿದ್ದಾರೆ, ಮದುವೆಗೆ ಒಪ್ಪುತ್ತಾರೆ. ಕಟ್ಟಳೆಯನ್ನು ತಲೆಬರಹದಲ್ಲಿ ಕೆತ್ತಿ, ಮುರಿದವನನ್ನು ಕನಸಿನ ಬಾಗಿಲಿನಿಂದ ಹೊರಗೆ ಬಿಟ್ಟುಬಿಟ್ಟರು. ನಮ್ಮಲ್ಲಿ ಯಾರು ತಾನೇ ಈ ಬಾಗಿಲನ್ನು ಬಯಸಿಲ್ಲ? ಬೆಳಿಗ್ಗೆ ಎದ್ದಾಗ ನಾನು ಆಡಿದ ಮಾತು ಆಡಿರಬಾರದಿತ್ತು, ಮಾಡಿದ್ದು ಮಾಡಿರಬಾರದಿತ್ತು ಎಂದು ಹಾಸಿಗೆಯಲ್ಲಿ ಹೊರಳುವಾಗ ಬಯಸುವುದು ಇದನ್ನೇ. ಅದು ಪಶ್ಚಾತ್ತಾಪವಲ್ಲ, ಕ್ಯಾಲೆಂಡರ್ ಹಿಂದಕ್ಕೆ ತಿರುಗಲಿ ಎಂಬ ಹಂಬಲ.

1941ರಲ್ಲಿ ಜೂಲ್ಸ್ ಡಾಸಿನ್ ಅದೇ ಕಥೆಯನ್ನು ಇಪ್ಪತ್ತು ನಿಮಿಷದ ಚಿತ್ರವಾಗಿ ಮಾಡಿದಾಗ ಮುದುಕನನ್ನು ಕ್ರೂರ ಯಜಮಾನನನ್ನಾಗಿ ಮಾಡಿದರು. ಕೊಂದವನು ಅವನಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿದ ನೇಕಾರ. ನೋಡುವವರಿಗೆ ಸಮಾಧಾನ: ಹೀಗಾದರೆ ಯಾರಾದರೂ ಕೊಲ್ಲುತ್ತಾರೆ! ಪೋ ಈ ಸಮಾಧಾನವನ್ನು ಕೊಡಲೇ ಇಲ್ಲ. ಸಂತ ಅಗಸ್ಟೀನರೂ ಕೊಡಲಿಲ್ಲ. ಹುಡುಗನಾಗಿದ್ದಾಗ ಗೆಳೆಯರೊಡನೆ ಪೇರ್ ಹಣ್ಣು ಕದ್ದದ್ದನ್ನು ಅವರು ತಮ್ಮ ಆತ್ಮನಿವೇದನೆಯ ಎರಡನೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದಿಯುವುದಕ್ಕಾಗಿಯೇ ಕದ್ದೆ ಎನ್ನುತ್ತಾರೆ. ಅಷ್ಟು ಸಣ್ಣ ಕಳವಿಗೆ ಅಷ್ಟು ದೊಡ್ಡ ಗೋಳಾಟ ಏಕೆ ಎಂದು ಗುರುಮಠದಲ್ಲಿ ನಾವು ನಗುತ್ತಿದ್ದೆವು. ಕಾರಣವಿಲ್ಲದ ಕೇಡನ್ನು ಕಾರಣವಿಲ್ಲವೆಂದೇ ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಿರಲಿಲ್ಲ. "ಫಾದರ್, ನಾನು ಕೋಪ ಮಾಡಿಕೊಂಡೆ, ಆದರೆ ಅವಳು ಏನು ಮಾಡಿದಳು ಗೊತ್ತೇ" ಎಂದು ಶುರುಮಾಡುವ ನಿವೇದನೆಗಳಲ್ಲಿ ಯಾರ ಪಾಪ ಯಾರು ಹೇಳುತ್ತಿದ್ದಾರೆ ಎಂದು ನಾವೆಲ್ಲ ಒಮ್ಮೆ ಕೇಳಿಕೊಳ್ಳಬೇಕು.

ಈ ಎಲ್ಲಾ ಮರುರೂಪಗಳಲ್ಲಿ ನನಗೆ ಮೆಚ್ಚಿಗೆಯಾದದ್ದು 1953ರ ಎಂಟು ನಿಮಿಷದ ವ್ಯಂಗ್ಯವಿಲ್ಲದ ಕಾರ್ಟೂನ್ ಚಿತ್ರ. ಜೇಮ್ಸ್ ಮೇಸನ್ ಅವರ ದನಿ. ಕಾರ್ಟೂನ್ ಆದರೂ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಅದನ್ನು ವಯಸ್ಕರಿಗೆ ಮಾತ್ರ ಎಂದಿತು. ಅದರಲ್ಲಿ ಬಹುಮಟ್ಟಿಗೆ ಎಲ್ಲವೂ ಕೊಲೆಗಾರನ ಕಣ್ಣಿನಿಂದಲೇ ಕಾಣುತ್ತದೆ. ನೋಡುವವನು ಅವನ ಜಾಗದಲ್ಲೇ ನಿಲ್ಲಬೇಕಾಗುತ್ತದೆ. ನೆಟ್‌ಫ್ಲಿಕ್ಸ್ ಸೀರಿಯಲ್ಲಿನಲ್ಲೂ ಮುದಿ ಯಜಮಾನ ಪಾಳುಮನೆಯಲ್ಲಿ ಕೂತು ಸರ್ಕಾರಿ ವಕೀಲನ ಮುಂದೆ ರಾತ್ರಿಯೆಲ್ಲಾ ತಪ್ಪೊಪ್ಪಿಕೊಳ್ಳುತ್ತಾನೆ. ಆ ಹೊತ್ತಿಗೆ ಮಕ್ಕಳೆಲ್ಲ ಸತ್ತಿದ್ದಾರೆ, ಕಳೆದುಕೊಳ್ಳಲು ಏನೂ ಉಳಿದಿಲ್ಲ. ಆಗ ಸತ್ಯ ಅಗ್ಗ.

ಪೋನದೇ ಇನ್ನೊಂದು ಕಥೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದೆ. 1846ರಲ್ಲಿ ಪ್ರಕಟವಾದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲ್ಲಾಡೊ'. ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ಹಬ್ಬದ ಸಂಜೆ ಇಟಲಿಯಲ್ಲಿ ಮಾಂಟ್ರೆಸರ್ ಎಂಬವನು ಫಾರ್ಚುನಾಟೊ ಎಂಬ ಪರಿಚಿತನನ್ನು ಒಳ್ಳೆಯ ದ್ರಾಕ್ಷಾರಸದ ಆಸೆ ತೋರಿಸಿ ತನ್ನ ಮನೆತನದ ನೆಲಮಾಳಿಗೆಯ ಸಮಾಧಿಗಳಿಗೆ ಕರೆದೊಯ್ದು, ಸರಪಳಿಯಿಂದ ಬಿಗಿದು, ಜೀವಂತವಾಗಿ ಗೋಡೆ ಕಟ್ಟಿಬಿಡುತ್ತಾನೆ. ಇದನ್ನು ಹೇಳುತ್ತಿರುವುದು ಐವತ್ತು ವರ್ಷಗಳ ನಂತರ, ತನ್ನ ಆತ್ಮವನ್ನು ಚೆನ್ನಾಗಿ ಬಲ್ಲ ಯಾರೋ ಒಬ್ಬರ ಮುಂದೆ. ಆ ಕೇಳುಗ ಅವನ ಪಾಪನಿವೇದನೆಯ ಗುರುವೇ ಇರಬೇಕೆಂದು ಅನೇಕ ಓದುಗರು ಭಾವಿಸಿದ್ದಾರೆ. ಕೊನೆಯ ಮಾತು ಲ್ಯಾಟಿನ್‌ನಲ್ಲಿ, ಮೃತರಿಗಾಗಿ ನಾವು ಮಾಡುವ ಶಾಂತಿಯ ಪ್ರಾರ್ಥನೆ. ಪ್ರಾರ್ಥನೆ ಇದೆ, ವಿವರ ಇದೆ, ಕೇಳುವವರಿದ್ದಾರೆ. ಎಲ್ಲವೂ ಸರಿಯಾಗಿಯೇ ಇದೆ ಅನಿಸುತ್ತದೆ. ಆದರೆ ಗೋಡೆಯೊಳಗಿನಿಂದ ಫಾರ್ಚುನಾಟೊ ಒಂದು ಮಾತು ಹೇಳಿದ್ದ: ಮನೆಯಲ್ಲಿ ಹೆಂಡತಿಯೂ ಉಳಿದವರೂ ನಮಗಾಗಿ ಕಾಯುತ್ತಿರುತ್ತಾರೆ. ಐವತ್ತು ವರ್ಷ ಆ ಮೂಳೆಗಳನ್ನು ಯಾರೂ ಮುಟ್ಟಿಲ್ಲ ಎಂದು ಮಾಂಟ್ರೆಸರ್ ಹೇಳುತ್ತಾನೆ. ಎಂದರೆ ಆ ಹೆಂಡತಿಗೆ ಯಾರೂ ಹೇಳಿಲ್ಲ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಕಿರಿಯ ಗುರುಮಠದಲ್ಲಿದ್ದಾಗ ದೊಡ್ಡ ತರಗತಿಯ ಹುಡುಗನೊಬ್ಬನ ಕೈಗಡಿಯಾರವನ್ನು ಒಂದು ರಾತ್ರಿ ಅವನ ಪೆಟ್ಟಿಗೆಯಿಂದ ತೆಗೆದೆ. ಕದಿಯಲೆಂದಲ್ಲ, ಕತ್ತಲಲ್ಲಿ ಅದರ ಮುಳ್ಳು ಹಸಿರಾಗಿ ಹೊಳೆಯುತ್ತಿತ್ತು, ಕಟ್ಟಿಕೊಂಡು ನೋಡಬೇಕೆನಿಸಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಗಾಜು ಒಡೆಯಿತು. ಹೆದರಿ ಬಾವಿಗೆ ಎಸೆದೆ. ನಮ್ಮ ಮಲಗುವ ಕೋಣೆ ಗುಡಿಸಲು ಬರುತ್ತಿದ್ದ ಅಡಿಗೆಮನೆಯ ಅಣ್ಣನ ಮೇಲೆ ಅನುಮಾನ ಬಂತು. ಸಾಕ್ಷಿ ಇರಲಿಲ್ಲ, ತಿಂಗಳ ಕೊನೆಗೆ ಲೆಕ್ಕ ಮುಗಿಸಿ ಊರಿಗೆ ಕಳಿಸಿದರು. ಮುಂದಿನ ಧ್ಯಾನಕೂಟದಲ್ಲಿ ನರಕದ ಮೇಲಿನ ಪ್ರಬೋಧನೆ ಕೇಳಿ ನಡುಗಿಹೋಗಿ ಪಾಪನಿವೇದನೆ ಮಾಡಿದೆ. ಗುರುಗಳು ಕ್ಷಮೆಯ ಜೊತೆಗೆ, "ಆ ಮನುಷ್ಯನ ಹೆಸರನ್ನು ಸರಿಮಾಡು, ರೆಕ್ಟರ್ ಸ್ವಾಮಿಗೆ ಹೇಳು" ಎಂದರು. ಹೂಂ ಎಂದೆ. ಹೂಂ ಎಂದಾಗ ಮನಸ್ಸಿನಲ್ಲಿ ನಿಜವಾಗಿಯೂ ಹೇಳುವವನೇ ಆಗಿದ್ದೆ. ಹೊರಗೆ ಬಂದಾಗ ಮೈ ಹಗುರವಾಗಿತ್ತು, ರಾತ್ರಿ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಹೇಳುವ ಅವಸರ ಹೋಯಿತು.

ತತ್ವಶಾಸ್ತ್ರ ಓದುವಾಗ ಪೋನ ಕಥೆಯಲ್ಲಿ ಹತ್ತಿಯಲ್ಲಿ ಸುತ್ತಿದ ಗಡಿಯಾರ ಎಂಬಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಆಗಲೂ ಹೋಗಲಿಲ್ಲ. ಗುರುದೀಕ್ಷೆಯಾಗಿ ಮೂರನೇ ವರ್ಷ ವಿಳಾಸ ಹುಡುಕಿ ಅವರ ಊರಿಗೆ ಹೋದೆ. ಅವರು ತೀರಿಕೊಂಡಿದ್ದರು. ಅವರ ಹೆಂಡತಿ ಚಾಪೆ ಹಾಸಿ, ಕಾಫಿ ಕೊಟ್ಟು, ಫಾದರ್ ಮನೆಗೆ ಬಂದರೆಂದು ಪಕ್ಕದ ಮನೆಯವರನ್ನೂ ಕರೆದರು. ಅವರು ಹೊರಟುಹೋಗುವವರೆಗೆ ಕಾದು ಎಲ್ಲವನ್ನೂ ಹೇಳಿದೆ. ಆ ತಾಯಿ ಬಹಳ ಹೊತ್ತು ಸೆರಗಿನ ತುದಿ ಮಡಚುತ್ತಾ ಕೂತರು. ಆಮೇಲೆ, "ಮಗ ಮೊದಲನೇ ಸಂಬಳದಲ್ಲಿ ಒಂದು ವಾಚು ತಂದುಕೊಟ್ಟಿದ್ದ ಸ್ವಾಮಿ. ಅವರು ಕಟ್ಟಲೇ ಇಲ್ಲ. ಯಾಕೆ ಅಂತ ನಮಗೆ ಗೊತ್ತಾಗಲಿಲ್ಲ" ಎಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಲೋಟ ತೊಳೆಯಲು ಎದ್ದವರು, "ಮಗ ಸಂಜೆ ಬರ್ತಾನೆ, ಇದನ್ನ ಅವನಿಗೂ ನೀವೇ ಹೇಳಿ ಹೋಗಿ" ಎಂದರು. ಸಂಜೆಯವರೆಗೆ ಕೂತಿದ್ದೆ.

ದೇವರು ನನ್ನನ್ನು ಕ್ಷಮಿಸಿದ್ದು ಧ್ಯಾನಕೂಟದ ಆ ದಿನವೇ ಎಂಬುದರಲ್ಲಿ ನನಗೆ ಸಂಶಯವಿಲ್ಲ; ಟ್ರೆಂಟ್ ಮಹಾಸಭೆಯ ಮಾತು ನನ್ನಂಥ ಹೆದರುಪುಕ್ಕಲರಿಗಾಗಿಯೇ ಇದೆ. ಆದರೆ ಸೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂದು ಪ್ರಭು ಹೇಳಿದ್ದನ್ನು ಮೂರು ವರ್ಷ ಪೀಠದ ಮೇಲೆ ಓದಿ, ಮೂರು ವರ್ಷವೂ ಕಾಣಿಕೆ ಅರ್ಪಿಸಿದವನು ನಾನು.

ಆ ಪಿಯುಸಿ ಹುಡುಗನ ವಿಷಯಕ್ಕೆ ಬರುತ್ತೇನೆ. ಸೀರಿಯಲ್ ಬೇಡ, ಪೋನ ಮೂಲ ಕಥೆ ಓದಲಿ ಎಂದು ತಾಯಿಗೆ ಹೇಳಿದ್ದೆ. ನಾಲ್ಕೈದು ಪುಟ, ಅರ್ಧ ಗಂಟೆ ಸಾಕು. ಅವನಿಗೆ ಒಂದೇ ಪ್ರಶ್ನೆ ಕೊಟ್ಟಿದ್ದೆ: ಸತ್ತ ಮುದುಕನ ಹೆಸರೇನು, ಬಂದು ಹೇಳು. ಮುಂದಿನ ಭಾನುವಾರ ಪೂಜೆಯ ನಂತರ ಬಂದ. "ಎರಡು ಸಲ ಓದಿದೆ ಫಾದರ್, ಹೆಸರೇ ಇಲ್ಲ. ಅವನು ಹೇಳೋದೇ ಇಲ್ಲ" ಎಂದ.